ಹಳೆ ಬ್ರಾಂಡೆಡ್ ಸಿಸ್ಟಮ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಸ್ಕ್ರೀನ್ ಕಪ್ಪಾದರೆ ಎಲ್ಲಿಂದ ಹುಡುಕಬೇಕು?

ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಫೋಟೋ ಸ್ಟುಡಿಯೋ. ಯುಗಾದಿ ಮುಗಿದು ಮದುವೆ ಸೀಸನ್ ಶುರುವಾಗಿತ್ತು. ಸ್ಟುಡಿಯೋ ಹುಡುಗನ ಹತ್ತಿರ ಇದ್ದದ್ದು ಯಾವುದೋ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಟವರ್. ಮೂರನೇ ಜನರೇಷನ್ ಐ5, 8 ಜಿಬಿ ರ್‍ಯಾಮ್. ವಿಡಿಯೋ ಎಡಿಟಿಂಗ್ ತುಂಬಾ ನಿಧಾನ ಆಗ್ತಿದೆ ಅಂತ ಅದಕ್ಕೊಂದು ಜಿಟಿಎಕ್ಸ್ 1650 ಕಾರ್ಡ್ ತಂದು ಹಾಕಿದ. ಮೊದಲ ದಿನ ಸ್ವಲ್ಪ ತಿಣುಕಾಡಿದರೂ ಡಿಸ್‌ಪ್ಲೇ ಬಂತು. ರಾತ್ರಿ ತನಕ ಚೆನ್ನಾಗಿ ಕೆಲಸ ಮಾಡಿತು. ಮರುದಿನ ಬೆಳಿಗ್ಗೆ ಶಟರ್ ಎತ್ತಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಕಾರ್ಡ್ ಕಿತ್ತು, ಸೆಟ್ಟಿಂಗ್ ನೋಡಿ, ಮತ್ತೆ ಹಾಕಿದರೆ ಸರಿ. ಮೂರನೇ ದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

"ಅಣ್ಣಾ, ಕಾರ್ಡು ಹೋಗೈತೆ ಅನ್ಸುತ್ತೆ. ವಾಪಸ್ ಕಳಿಸಿಬಿಡ್ಲಾ?" ಅಂತ ಫೋನ್ ಮಾಡಿದ.

"ಸ್ವಲ್ಪ ತಡಿಯಪ್ಪಾ. ಯಾವಾಗ ಕಪ್ಪಾಗುತ್ತೆ, ಅದನ್ನ ಸರಿಯಾಗಿ ಹೇಳು" ಅಂದೆ.

ಈ ಪ್ರಶ್ನೆ ನನಗೆ ಬಹಳ ಮುಖ್ಯ. ಕಾರ್ಡ್ ಹಾಕಿದ ಮೇಲೆ "ಡಿಸ್‌ಪ್ಲೇ ಬರ್ತಿಲ್ಲ" ಎಂದು ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಆದರೆ ಆನ್ ಮಾಡಿದ ಕ್ಷಣದಿಂದಲೇ ಕಪ್ಪಾ, ವಿಂಡೋಸ್ ಗುರುತು ಬಂದು ಹೋದ ಮೇಲೆ ಕಪ್ಪಾ, ಕೆಲಸದ ಭಾರ ಬಿದ್ದಾಗ ಕಪ್ಪಾ, ರಾತ್ರಿ ಬಂದ್ ಮಾಡಿ ಬೆಳಿಗ್ಗೆ ಹಾಕಿದಾಗ ಮಾತ್ರ ಕಪ್ಪಾ? ಒಂದೊಂದಕ್ಕೂ ಕಾರಣ ಬೇರೆ. ಸಮಯ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ಕೇಳಿಕೊಳ್ಳದೆ ಸುಮ್ನೆ ಕಾರ್ಡ್ ಬದಲಾಯಿಸಿ, ಎಸ್‌ಎಂಪಿಎಸ್ (ಸಿಸ್ಟಮ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ) ಬದಲಾಯಿಸಿ, ವಿಂಡೋಸ್ ಮತ್ತೆ ಹಾಕಿ ದುಡ್ಡು ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ.

ಆನ್ ಮಾಡಿದ ಕ್ಷಣದಿಂದಲೇ ಕಪ್ಪು

ಮೊದಲು ಕೇಬಲ್ ನೋಡಿ. ಸಿಸ್ಟಮ್ ಹಿಂದೆ ಈಗ ಎರಡು ಜಾಗದಲ್ಲಿ ಪೋರ್ಟ್‌ಗಳಿವೆ. ಮೇಲಿನವು ಮದರ್‌ಬೋರ್ಡಿನವು, ಕೆಳಗೆ ಅಡ್ಡಡ್ಡ ಇರುವವು ಕಾರ್ಡಿನವು. ಕಾರ್ಡ್ ಹಾಕಿದ ಮೇಲೆ ಬಹಳಷ್ಟು ಸಿಸ್ಟಮ್‌ಗಳು ಮೇಲಿನ ಪೋರ್ಟನ್ನು ತಾವಾಗಿಯೇ ಬಂದ್ ಮಾಡುತ್ತವೆ. ಮಾನಿಟರ್ ವೈರ್ ಹಳೆ ಜಾಗದಲ್ಲೇ ಉಳಿದಿದ್ದರೆ ಏನೂ ಕಾಣುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಜಾಸ್ತಿ. ಹಳೆ ಸಿಸ್ಟಮ್ ಜೊತೆ ಹಳೆ ಮಾನಿಟರ್ ಇರುತ್ತದೆ, ಅದರಲ್ಲಿ ನೀಲಿ ವಿಜಿಎ ಪೋರ್ಟ್ ಮಾತ್ರ ಇರುತ್ತದೆ. ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿ 2016ರಲ್ಲಿ ತಂದ 10 ಸೀರೀಸ್ ಕಾರ್ಡ್‌ಗಳಿಂದ ಈಚೆಗೆ ವಿಜಿಎ ಸಿಗ್ನಲ್ ಕೊಡುವುದನ್ನೇ ನಿಲ್ಲಿಸಿದೆ. ಕಾರ್ಡಿನಲ್ಲಿ ಡಿವಿಐ ಪೋರ್ಟ್ ಕಂಡರೂ ಅದು ವಿಜಿಎ ಸಿಗ್ನಲ್ ಇಲ್ಲದ ಡಿವಿಐ-ಡಿ ಆಗಿರುತ್ತದೆ. ಹಳೆ ಡಬ್ಬದಲ್ಲಿ ಸಿಕ್ಕ ಡಿವಿಐ ಟು ವಿಜಿಎ ಪಿನ್ ಚುಚ್ಚಿದರೆ ಉಪಯೋಗವಿಲ್ಲ. ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ಅದರಲ್ಲೂ ತೀರಾ ಅಗ್ಗದ್ದು ಕೈ ಕೊಡುತ್ತದೆ. ಹಾಗಾಗಿ ಪರೀಕ್ಷೆ ಮಾಡುವಾಗ ಕನ್ವರ್ಟರ್ ನಂಬಬೇಡಿ. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ನೇರವಾಗಿ ಹಾಕಿ ನೋಡಿ.

ಟಿವಿಗೆ ಹಾಕುವಾಗ ಟಿವಿ, ಸಿಸ್ಟಮ್ ಎರಡನ್ನೂ ಬಂದ್ ಮಾಡಿ, ಆಮೇಲೆ ಕೇಬಲ್ ಚುಚ್ಚಿ. ಕಾರಣ ಅರ್ಥಿಂಗ್. ನಮ್ಮ ಊರಿನ ಬಿಸಿಲಿಗೆ ಅರ್ಥಿಂಗ್ ಗುಂಡಿ ಒಣಗಿರುತ್ತದೆ. ಎಷ್ಟೋ ಅಂಗಡಿಗಳಲ್ಲಿ ಮೂರನೇ ಪಿನ್‌ಗೆ ವೈರೇ ಇರುವುದಿಲ್ಲ. ಆಗ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಸಣ್ಣ ಕರೆಂಟ್ ಅದು. ಅರ್ಥಿಂಗ್ ಇದ್ದರೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಅದರ ಮೂಲಕ ಹಾಯಬಹುದು. ಹೊಸ ಕಾರ್ಡಿನ ಪೋರ್ಟ್ ಹಾಗೆ ಸತ್ತರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಕಾರ್ಡ್ ಕೂತಿರುವ ರೀತಿ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ ಮಲಗಿಸಿ. ಕಣ್ಣನ್ನು ಸ್ಲಾಟಿನ ಮಟ್ಟಕ್ಕೆ ತಂದು ಟಾರ್ಚ್ ಬಿಟ್ಟು ನೋಡಿ. ಕಾರ್ಡಿನ ಚಿನ್ನದ ಬಣ್ಣದ ಪಟ್ಟಿ ಪೂರ್ತಿ ಸ್ಲಾಟ್ ಒಳಗೆ ಹೋಗಿರಬೇಕು. ಒಂದು ತುದಿಯಲ್ಲಿ ಕೂದಲೆಳೆಯಷ್ಟು ಚಿನ್ನದ ಗೆರೆ ಕಂಡು, ಇನ್ನೊಂದು ತುದಿಯಲ್ಲಿ ಕಾಣದಿದ್ದರೆ ಕಾರ್ಡ್ ವಾರೆಯಾಗಿದೆ. ಬ್ರಾಂಡೆಡ್ ಸಿಸ್ಟಮ್‌ಗಳಲ್ಲಿ ಇದು ಹೆಚ್ಚು, ಯಾಕೆಂದರೆ ಅವುಗಳಲ್ಲಿ ಸ್ಕ್ರೂ ಬದಲು ಪ್ಲಾಸ್ಟಿಕ್ ಅಥವಾ ತಗಡಿನ ಲಾಕ್ ಇರುತ್ತದೆ. ಆ ಲಾಕ್ ಮುಚ್ಚಿದಾಗ ಕಾರ್ಡಿನ ತಗಡನ್ನು ಒತ್ತಿ, ಆಚೆ ತುದಿಯನ್ನು ಮೇಲೆತ್ತುತ್ತದೆ. ಲಾಕ್ ತೆರೆದಿಟ್ಟೇ ಒಮ್ಮೆ ಆನ್ ಮಾಡಿ ನೋಡಿ. ಡಿಸ್‌ಪ್ಲೇ ಬಂದರೆ ತಪ್ಪು ಲಾಕಿನದು. ಕಾರ್ಡ್ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಪಟ್ಟಿಯನ್ನು ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿ, ಆಮೇಲೆ ಹಾಕಿ.

ಇಷ್ಟಾದರೂ ಬರಲಿಲ್ಲ ಅಂದರೆ ಬಯೋಸ್ (ಆನ್ ಮಾಡಿದ ತಕ್ಷಣ, ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ನೋಡಬೇಕು. 2012ರ ಆಸುಪಾಸಿನ ಸಿಸ್ಟಮ್‌ಗಳು ಹಳೆ ಬಯೋಸ್‌ನಿಂದ ಅದರ ಹೊಸ ರೂಪವಾದ ಯುಇಎಫ್‌ಐಗೆ ದಾಟುತ್ತಿದ್ದ ಕಾಲದವು. ಹೊಸ ಕಾರ್ಡಿಗೂ ಅಂಥ ಬೋರ್ಡಿಗೂ ಮಾತು ಹೊಂದದೆ ಕಪ್ಪು ಸ್ಕ್ರೀನ್ ಬರಬಹುದು. ಕಾರ್ಡ್ ತೆಗೆದು ಆನ್‌ಬೋರ್ಡ್ (ಮದರ್‌ಬೋರ್ಡಿನದೇ) ಡಿಸ್‌ಪ್ಲೇಯಲ್ಲಿ ಸಿಸ್ಟಮ್ ಏಳಿಸಿ. ಸಿಸ್ಟಮ್ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲ್‌ನ ಕೊನೆಯ ಬಯೋಸ್ ಅಪ್‌ಡೇಟ್ ಹಾಕಿ. ಹಾಕುವಾಗ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದರೆ ಮಾತ್ರ ಕೈ ಹಾಕಿ. ಸೆಕ್ಯೂರ್ ಬೂಟ್ ಆಫ್ ಮಾಡಿಯೂ ಒಮ್ಮೆ ನೋಡಿ. ಆದರೆ ಬೂಟ್ ಮೋಡ್ ಬದಲಾಯಿಸುವ ಮುಂಚೆ ಈಗ ಲೆಗಸಿ (ಹಳೆ ಬಯೋಸ್ ರೀತಿ) ಇದೆಯೋ ಯುಇಎಫ್‌ಐ ಇದೆಯೋ ಬರೆದಿಟ್ಟುಕೊಳ್ಳಿ. ಅದು ಬದಲಾದರೆ ವಿಂಡೋಸ್ ಏಳುವುದಿಲ್ಲ, ಆಗ ನಿಮಗೆ ಎರಡನೇ ತಲೆನೋವು ಶುರುವಾಗುತ್ತದೆ.

ಬೆಳಿಗ್ಗೆ ಮಾತ್ರ ಕಪ್ಪು

ಈಗ ಸ್ಟುಡಿಯೋಕ್ಕೆ ಬರೋಣ. ಆ ಹುಡುಗನ ಲೆಕ್ಕದಲ್ಲಿ ಕಾರ್ಡ್ ಬಿಸಿಯಾದರೆ ಕೆಲಸ ಮಾಡುತ್ತದೆ, ತಣ್ಣಗಿದ್ದಾಗ ಮಾಡುವುದಿಲ್ಲ. ಕೇಳಿದರೆ ಹೌದಲ್ವಾ ಅನಿಸುತ್ತದೆ. ಆದರೆ ಮಧ್ಯಾಹ್ನ ಊಟಕ್ಕೆ ಹೋಗುವಾಗ ಸಿಸ್ಟಮ್ ಶಟ್‌ಡೌನ್ ಮಾಡಿ, ಎರಡು ತಾಸು ಬಿಟ್ಟು ಬಂದು ಹಾಕಿದರೆ ಸರಿಯಾಗಿ ಏಳುತ್ತಿತ್ತು. ರಾತ್ರಿ ಬಂದ್ ಮಾಡಿದಾಗ ಮಾತ್ರ ತೊಂದರೆ.

"ರಾತ್ರಿ ಹೋಗುವಾಗ ಏನು ಬಂದ್ ಮಾಡ್ತೀಯಾ?" ಅಂತ ಕೇಳಿದೆ.

"ಎಲ್ಲಾ ಬಂದ್ ಅಣ್ಣಾ. ಮೇನ್ ಸ್ವಿಚ್ಚೇ ತೆಗೆದು ಹೋಗ್ತೀನಿ."

ಅಲ್ಲಿ ಸುಳಿವು ಸಿಕ್ಕಿತು. ಶಟ್‌ಡೌನ್ ಮಾಡಿದರೂ ವೈರಿನಲ್ಲಿ ಕರೆಂಟ್ ಇದ್ದರೆ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಗಡಿಯಾರ, ಬಯೋಸ್ ಸೆಟ್ಟಿಂಗ್ ಎಲ್ಲ ಅದರಲ್ಲೇ ಉಳಿಯುತ್ತವೆ. ಮೇನ್ ತೆಗೆದಾಗ ಮಾತ್ರ ಬೋರ್ಡ್ ಮೇಲಿನ ಬಿಲ್ಲೆ ಸೆಲ್ ಕೆಲಸಕ್ಕೆ ಬರುತ್ತದೆ. ಆ ಸಿಸ್ಟಮ್‌ನ ಸೆಲ್ ಸತ್ತಿತ್ತು. ಪ್ರತಿ ರಾತ್ರಿ ಬಯೋಸ್ ಎಲ್ಲವನ್ನೂ ಮರೆತು, ಕಂಪನಿ ಸೆಟ್ಟಿಂಗ್‌ಗೆ ಹೋಗುತ್ತಿತ್ತು. ಆ ಸೆಟ್ಟಿಂಗ್‌ನಲ್ಲಿ ಮೊದಲ ಡಿಸ್‌ಪ್ಲೇ ಆನ್‌ಬೋರ್ಡ್. ಜೊತೆಗೆ, ಟೈಮ್ ತಪ್ಪಿದೆ, ಎಫ್1 ಒತ್ತಿ ಎಂದು ಬಯೋಸ್ ಕಾಯುತ್ತಾ ಕೂತಿತ್ತು. ಆ ಸಾಲು ಬರುತ್ತಿದ್ದದ್ದು ಯಾರೂ ವೈರ್ ಹಾಕದ ಮೇಲಿನ ವಿಜಿಎ ಪೋರ್ಟಿನಲ್ಲಿ. ಕಾರ್ಡಿಗೆ ಹಾಕಿದ ಮಾನಿಟರ್ ಕಪ್ಪಾಗದೆ ಇನ್ನೇನಾಗುತ್ತದೆ?

ನಾನು ಹೋದಾಗ ಮಾನಿಟರ್ ವೈರನ್ನು ಮೇಲಿನ ವಿಜಿಎಗೆ ಹಾಕಿದೆ. ಬಿಳಿ ಅಕ್ಷರದ ಸಾಲು ಕಂಡಿತು. ತಾರೀಖು 2012ರ ಜನವರಿ 1. ಸೆಲ್ ತೆಗೆದು ಮಲ್ಟಿಮೀಟರ್ ಇಟ್ಟೆ, 2.1 ವೋಲ್ಟ್ ತೋರಿಸಿತು. ಸಿಆರ್2032 ಸೆಲ್ ಹೊಸದಾಗಿದ್ದಾಗ 3 ವೋಲ್ಟ್‌ಗಿಂತ ತುಸು ಮೇಲೇ ಇರುತ್ತದೆ. ವಾಚ್ ಅಂಗಡಿಯಿಂದ ಹೊಸ ಸೆಲ್ ತರಿಸಿ ಹಾಕಿ, ಟೈಮ್ ಸರಿ ಮಾಡಿ, ಬಯೋಸ್‌ನಲ್ಲಿ ಮೊದಲ ಡಿಸ್‌ಪ್ಲೇ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್ ಕೂತಿರುವ ಸ್ಲಾಟ್) ಎಂದು ಕೊಟ್ಟು ಸೇವ್ ಮಾಡಿದೆ. ಮೇನ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದರೂ ಡಿಸ್‌ಪ್ಲೇ ಬಂತು. ಮಾರನೆಯ ಬೆಳಿಗ್ಗೆಯೂ ಬಂತು. ಸಾವಿರಾರು ರೂಪಾಯಿಯ ಕಾರ್ಡ್ ಕೊರಿಯರ್‌ಗೆ ಹೋಗುವುದು ಒಂದು ಸಣ್ಣ ಬಿಲ್ಲೆಯಿಂದ ತಪ್ಪಿತು.

ಹಳೆ ಸಿಸ್ಟಮ್ ಬಿಚ್ಚಿದಾಗಲೆಲ್ಲ ನಾನು ಈಗ ಮೊದಲು ಸೆಲ್ ಬದಲಾಯಿಸುತ್ತೇನೆ. ಹತ್ತು ವರ್ಷ ದಾಟಿದ ಬೋರ್ಡಿನಲ್ಲಿ ಅದನ್ನು ಅಳೆಯುವ ಅಗತ್ಯವೇ ಇಲ್ಲ, ಹೊಸದು ಹಾಕಿಬಿಡಿ.

ವಿಂಡೋಸ್ ಗುರುತು ಬಂದು ಆಮೇಲೆ ಕಪ್ಪು

ಇಲ್ಲಿ ಯಂತ್ರದ ತಪ್ಪು ಕಡಿಮೆ. ಡ್ರೈವರ್ (ವಿಂಡೋಸ್ ಕಾರ್ಡನ್ನು ನಡೆಸಲು ಬೇಕಾದ ಪ್ರೋಗ್ರಾಂ) ಕೆಲಸಕ್ಕೆ ಇಳಿಯುವ ಹೊತ್ತಿಗೆ ಕಪ್ಪಾಗುತ್ತದೆ. ಸೇಫ್ ಮೋಡ್‌ನಲ್ಲಿ (ವಿಂಡೋಸ್ ತೀರಾ ಅಗತ್ಯದ್ದಷ್ಟೇ ಓಡಿಸುವ ಸ್ಥಿತಿ) ಚೆನ್ನಾಗಿ ಏಳುತ್ತಿದ್ದರೆ ಡ್ರೈವರ್ ಮೇಲೆ ಅನುಮಾನ ಗಟ್ಟಿ. ಡಿಡಿಯು ಎಂಬ ಉಚಿತ ಪ್ರೋಗ್ರಾಂ ಇದೆ. ಸೇಫ್ ಮೋಡ್‌ನಲ್ಲಿ ಅದನ್ನು ಓಡಿಸಿ ಹಳೆ ಡ್ರೈವರ್ ಪೂರ್ತಿ ತೆಗೆಯಿರಿ. ಇಂಟರ್‌ನೆಟ್ ಬಂದ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಿಂಡೋಸ್ ನಡುವೆ ತನಗೆ ತೋಚಿದ ಡ್ರೈವರ್ ಹಾಕಿಬಿಡುತ್ತದೆ. ಆಮೇಲೆ ಕಾರ್ಡ್ ಕಂಪನಿಯ ಸೈಟಿನಿಂದ ಇಳಿಸಿಟ್ಟ ಡ್ರೈವರ್ ಹಾಕಿ.

ಇನ್ನೂ ವಿಂಡೋಸ್ 7 ಇಟ್ಟುಕೊಂಡವರಿಗೆ ಒಂದು ಮಾತು. 2021ರಲ್ಲೇ ಎನ್‌ವಿಡಿಯಾ ಮತ್ತು ಎಎಂಡಿ ಎರಡೂ ಅದಕ್ಕೆ ಹೊಸ ಗ್ರಾಫಿಕ್ಸ್ ಡ್ರೈವರ್ ಕೊಡುವುದನ್ನು ನಿಲ್ಲಿಸಿವೆ. ಆಮೇಲೆ ಬಂದ ಕಾರ್ಡ್ ತಂದರೆ ವಿಂಡೋಸ್ ಕೂಡ ಬದಲಾಯಿಸಲೇಬೇಕು.

ಭಾರ ಬಿದ್ದಾಗ ರೀಸ್ಟಾರ್ಟ್

ಸ್ಟುಡಿಯೋದಲ್ಲಿ ಸೆಲ್ ಹಾಕಿ ನಾಲ್ಕು ದಿನಕ್ಕೆ ಮತ್ತೆ ಫೋನ್ ಬಂತು. ಆಲ್ಬಮ್ ಕೆಲಸ ಆರಾಮ, ಆದರೆ ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಬಿಟ್ಟರೆ ನಡುವೆ ಸಿಸ್ಟಮ್ ತಟ್ಟನೆ ಬಂದ್ ಆಗಿ ಮತ್ತೆ ಏಳುತ್ತದೆ.

ಇಂಥ ಹೊತ್ತಿನಲ್ಲಿ ಊಹೆ ಮಾಡುವ ಬದಲು ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆಯಿರಿ. ಸಿಸ್ಟಮ್ ಲಾಗ್‌ನಲ್ಲಿ ಆ ನಿಮಿಷಕ್ಕೆ ಏನು ಬರೆದಿದೆ ನೋಡಿ. ಡಿಸ್‌ಪ್ಲೇ 4101 ಎಂದಿದ್ದರೆ ಡ್ರೈವರ್ ನಿಂತು ಮತ್ತೆ ಎದ್ದಿದೆ. ಕರ್ನಲ್-ಪವರ್ 41 ಮಾತ್ರ ಇದ್ದು, ಅದರ ಬಗ್‌ಚೆಕ್ ಕೋಡ್ 0 ಆಗಿದ್ದರೆ ವಿಂಡೋಸ್‌ಗೆ ಏನಾಯಿತೆಂದೇ ತಿಳಿದಿಲ್ಲ. ಬಹುಮಟ್ಟಿಗೆ ಪವರ್ ಕಡೆಯೇ ನೋಡಬೇಕು. ಅವನ ಸಿಸ್ಟಮ್‌ನಲ್ಲಿ 41 ಸಾಲುಸಾಲಾಗಿ ಇತ್ತು.

ಎಸ್‌ಎಂಪಿಎಸ್ ಲೆಕ್ಕ ಕಷ್ಟವೇನಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕನೆಕ್ಟರ್ ಇನ್ನೂ 75 ಕೊಡುತ್ತದೆ, 8 ಪಿನ್ ಆದರೆ 150. ಜಿಟಿಎಕ್ಸ್ 1650 ಮೂಲತಃ 75 ವ್ಯಾಟ್‌ನ ಕಾರ್ಡ್. ಅದರ ಕೆಲವು ಮಾದರಿಗಳಿಗೆ ಪಿನ್ನೇ ಬೇಡ, ಕೆಲವಕ್ಕೆ 6 ಪಿನ್ ಬೇಕು. ಕೊಳ್ಳುವಾಗ ಫೋಟೋ ಹಿಗ್ಗಿಸಿ ಕಾರ್ಡಿನ ಮೇಲಂಚು ನೋಡಿ. ಎಸ್‌ಎಂಪಿಎಸ್ ಸ್ಟಿಕ್ಕರ್‌ನಲ್ಲಿ ಒಟ್ಟು ವ್ಯಾಟ್‌ಗಿಂತ 12 ವೋಲ್ಟ್ ಸಾಲು ಮುಖ್ಯ. ಅಲ್ಲಿ 18 ಆಂಪಿಯರ್ ಇದ್ದರೆ 12ರಿಂದ ಗುಣಿಸಿ, 216 ವ್ಯಾಟ್. ಐ5-3470 ಥರದ ಪ್ರೊಸೆಸರ್‌ಗೆ 77, ಕಾರ್ಡಿಗೆ 75, ಡಿಸ್ಕ್ ಫ್ಯಾನ್ ಬೋರ್ಡ್ ಎಲ್ಲ ಸೇರಿ 40 ಹಿಡಿಯಿರಿ. 192 ಆಯಿತು. ಹೊಸದರಲ್ಲಿ ತಡೆದುಕೊಳ್ಳುತ್ತದೆ. ಹತ್ತು ವರ್ಷ ನಮ್ಮ ಬೇಸಿಗೆ ಕಂಡ ಎಸ್‌ಎಂಪಿಎಸ್‌ಗೆ ಅದು ಕಷ್ಟ. ಒಳಗಿನ ಕೆಪಾಸಿಟರ್‌ಗಳು ಬಿಸಿಗೇ ಸೊರಗುವಂಥವು. 12 ವೋಲ್ಟ್ ಸಾಲು ಎರಡಾಗಿ ಬರೆದಿದ್ದರೆ ಸುಮ್ನೆ ಕೂಡಿಸಬೇಡಿ, ಎರಡೂ ಸೇರಿ ಇಷ್ಟು ಎಂದು ಪಕ್ಕದಲ್ಲಿ ಬರೆದದ್ದನ್ನೇ ಹಿಡಿಯಿರಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. 6 ಪಿನ್ ಇಲ್ಲ ಅಂತ ಡಿಸ್ಕಿಗೆ ಹೋಗುವ ಸಾಟಾ ಪವರ್‌ನಿಂದ 6 ಪಿನ್ ಮಾಡುವ ಅಡಾಪ್ಟರ್ ಹಾಕಬೇಡಿ. ಸಾಟಾ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರೇ ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 54 ವ್ಯಾಟ್. 75 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಡಿಸ್ಕಿನ ಕನೆಕ್ಟರ್‌ಗೆ ಅಂಟಿಕೊಂಡ ಇಂಥ ಅಡಾಪ್ಟರ್ ಒಂದನ್ನು ಕೈಯಾರೆ ಬಿಡಿಸಿದ್ದೇನೆ. ಸುಟ್ಟ ವಾಸನೆ ಮೂರು ದಿನ ಆ ಕೋಣೆಯಲ್ಲಿತ್ತು. ರಾತ್ರಿ ಎಕ್ಸ್‌ಪೋರ್ಟ್ ಬಿಟ್ಟು ಮನೆಗೆ ಹೋಗುವ ಅಭ್ಯಾಸ ಇದ್ದವರಂತೂ ಇದನ್ನು ಮುಟ್ಟಲೇಬಾರದು.

ಎಸ್‌ಎಂಪಿಎಸ್ ಬದಲಾಯಿಸೋಣ ಅಂದರೆ ಬ್ರಾಂಡೆಡ್ ಬೋರ್ಡ್‌ಗಳಲ್ಲಿ ಇನ್ನೊಂದು ಗೋಡೆ ಅಡ್ಡ ಬರುತ್ತದೆ. ಮಾಮೂಲಿ ಎಸ್‌ಎಂಪಿಎಸ್‌ಗೆ 24 ಪಿನ್. ಡೆಲ್ ಆಪ್ಟಿಪ್ಲೆಕ್ಸ್ 9020ರಂಥ ಬೋರ್ಡಿಗೆ ಬರುವುದು ಬೇರೆಯೇ ಅಳತೆಯ 8 ಪಿನ್. ಕೆಲವು ಲೆನೊವೊ ಬೋರ್ಡ್‌ಗಳಲ್ಲಿ 14. ಇವಕ್ಕೆ ಪರಿವರ್ತಕ ಕೇಬಲ್ ಸಿಗುತ್ತದೆ. ಕೊಳ್ಳುವ ಮುಂಚೆ ಪಿನ್ ಎಣಿಸಿ, ಎಸ್‌ಎಂಪಿಎಸ್ ಪೆಟ್ಟಿಗೆಯ ಅಳತೆ ಟೇಪಿನಲ್ಲಿ ನೋಡಿ.

ಸ್ಟುಡಿಯೋದ ವಿಷಯದಲ್ಲಿ ಮಾತ್ರ ಎಸ್‌ಎಂಪಿಎಸ್ ನಿರಪರಾಧಿ. ಸಿಸ್ಟಮ್ ಅನ್ನು ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ ಎಕ್ಸ್‌ಪೋರ್ಟ್ ಬಿಟ್ಟೆವು. ಒಂದೂವರೆ ತಾಸು ಕದಲಲಿಲ್ಲ. ಅವನದು 600 ವಿಎ ಯುಪಿಎಸ್. ಅಂಥವು ಸಾಮಾನ್ಯವಾಗಿ 360 ವ್ಯಾಟ್ ತಡೆಯುತ್ತವೆ. ಒಳಗಿನ ಬ್ಯಾಟರಿ ಸೊರಗಿದ್ದರೆ ಅದೂ ಇಲ್ಲ. ಕಾರ್ಡ್ ಇಲ್ಲದಾಗ ಸಿಸ್ಟಮ್, ಮಾನಿಟರ್ ಎರಡೂ ಸೇರಿ ಕಡಿಮೆ ಎಳೆಯುತ್ತಿದ್ದವು, ಯುಪಿಎಸ್ ನಿಭಾಯಿಸುತ್ತಿತ್ತು. ಕಾರ್ಡ್ ಬಂದ ಮೇಲೆ ವೋಲ್ಟೇಜ್ ಇಳಿದು ಯುಪಿಎಸ್ ಬ್ಯಾಟರಿಗೆ ದಾಟಿದ ಕ್ಷಣವೇ ಕೈ ಬಿಡುತ್ತಿತ್ತು. ಮಧ್ಯಾಹ್ನ ಎಲ್ಲರ ಮನೆಯ ಕೂಲರ್, ಎಸಿ ಓಡುವ ಹೊತ್ತಿಗೆ ಅವನ ಸಿಸ್ಟಮ್ ಜಾಸ್ತಿ ಬೀಳುತ್ತಿದ್ದದ್ದು ಅದಕ್ಕೇ. ಯುಪಿಎಸ್ ಬ್ಯಾಟರಿ ಬದಲಾಯಿಸಿದ. ಎರಡನೇ ಮಾನಿಟರ್ ಮತ್ತು ಸ್ಪೀಕರ್‌ಗಳನ್ನು ಯುಪಿಎಸ್‌ನಿಂದ ತೆಗೆದ. ತೊಂದರೆ ನಿಂತಿತು.

ಪವರ್ ಸರಿ ಇದ್ದೂ ಬಿದ್ದರೆ ಬಿಸಿ ನೋಡಿ. ಆಫೀಸ್ ಟವರ್‌ಗಳಲ್ಲಿ ಹಿಂದೆ ಒಂದೇ ಫ್ಯಾನ್ ಇರುತ್ತದೆ, ಹೊಸ ಕಾರ್ಡಿನ ಬಿಸಿಯೂ ಅದರಿಂದಲೇ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ಊರು ನಮ್ಮದು. ಅದಿರು ಲಾರಿ ಓಡಾಡುವ ರಸ್ತೆಯ ಪಕ್ಕ ಅಂಗಡಿ ಇದ್ದರೆ ಕೆಂಪು ಧೂಳು ಹೀಟ್‌ಸಿಂಕ್ ನಡುವೆ ಕಂಬಳಿ ಹಾಸಿದ ಹಾಗೆ ಕೂರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ತಡೆಯಿರಿ, ಇಲ್ಲದಿದ್ದರೆ ಗಿರ್ರನೆ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಡಿಸ್‌ಪ್ಲೇ ಇದೆ, ವೇಗ ಇಲ್ಲ

ಜಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ಹಾಕಿ, ಬಸ್ ಇಂಟರ್‌ಫೇಸ್ ಸಾಲು ನೋಡಿ. ಎಕ್ಸ್16 ಕಾರ್ಡ್ (ಡೇಟಾ ಹಾಯಲು 16 ದಾರಿ, ಅಂದರೆ ಲೇನ್, ಇರುವುದು) ಎಕ್ಸ್4ರಲ್ಲಿ ಓಡುತ್ತಿದೆ ಎಂದು ತೋರಿಸಿದರೆ ತಪ್ಪು ಸ್ಲಾಟ್‌ನಲ್ಲಿ ಹಾಕಿರಬಹುದು. ಎಷ್ಟೋ ಬೋರ್ಡ್‌ಗಳಲ್ಲಿ ಎರಡನೇ ಉದ್ದ ಸ್ಲಾಟ್‌ಗೆ ಒಳಗೆ ನಾಲ್ಕೇ ಲೇನ್ ಇರುತ್ತವೆ. ಅದೇ ಸಾಲಿನಲ್ಲಿ 1.1 ಎಂದು ಕಂಡರೆ ಗಾಬರಿ ಬೇಡ, ಕೆಲಸ ಇಲ್ಲದಾಗ ಕಾರ್ಡ್ ವೇಗ ಇಳಿಸಿಕೊಂಡಿರುತ್ತದೆ. ಪಕ್ಕದ ಪ್ರಶ್ನೆ ಗುರುತು ಒತ್ತಿ ಟೆಸ್ಟ್ ಓಡಿಸಿದರೆ ನಿಜವಾದ ವೇಗ ಕಾಣುತ್ತದೆ.

ಕಾರ್ಡಿನ ಆಯ್ಕೆಯೇ ತಪ್ಪಿರಬಹುದು. ಎಎಂಡಿಯ ಆರ್‌ಎಕ್ಸ್ 6400ಕ್ಕೆ ಬರೀ 53 ವ್ಯಾಟ್ ಸಾಕು, ಹಳೆ ಎಸ್‌ಎಂಪಿಎಸ್‌ಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದಕ್ಕೆ ಇರುವುದೇ ನಾಲ್ಕು ಲೇನ್. ಎರಡನೇ ಜನರೇಷನ್ ಇಂಟೆಲ್ ಸಿಸ್ಟಮ್‌ನ ಪಿಸಿಐ ಎಕ್ಸ್‌ಪ್ರೆಸ್ 2.0 ಸ್ಲಾಟಿನಲ್ಲಿ ಅದು ತುಂಬಾ ಇಕ್ಕಟ್ಟು. ವಿಡಿಯೋ ಎಕ್ಸ್‌ಪೋರ್ಟ್ ಮಾಡುವ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ಜಿಟಿ 1030ರಲ್ಲೂ ಇಲ್ಲ. ಸ್ಟುಡಿಯೋದವರು ಇವೆರಡನ್ನೂ ಬಿಡಿ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಪೂರ್ತಿ ಒಮ್ಮೆಲೇ ಬಳಸುವ ಸೌಲಭ್ಯ) ಬೇಕು. ಈ ವಯಸ್ಸಿನ ಆಫೀಸ್ ಸಿಸ್ಟಮ್‌ಗಳ ಬಯೋಸ್‌ನಲ್ಲಿ ಅದನ್ನು ಕೊಟ್ಟಿರುವುದಿಲ್ಲ.

ತೀರಾ ಕಡಿಮೆ ರೇಟಿಗೆ ಬಂದ ಕಾರ್ಡ್ ಆದರೆ ಅದೇ ಜಿಪಿಯು-ಝಡ್‌ನಲ್ಲಿ ಹೆಸರಿನ ಮುಂದೆ ಫೇಕ್ ಎಂದು ಬರುತ್ತಿದೆಯಾ ನೋಡಿ. ಹಳೆ ಚಿಪ್‌ಗೆ ಬೇರೆ ಬಯೋಸ್ ತುಂಬಿ ಜಿಟಿಎಕ್ಸ್ 1050 ಟಿಐ ಎಂದು ಮಾರುವವರಿದ್ದಾರೆ. ಎನ್‌ವಿಡಿಯಾದ ಇಂಥ ನಕಲಿ ಕಾರ್ಡ್‌ಗಳನ್ನು ಗುರುತಿಸುವ ವ್ಯವಸ್ಥೆಯನ್ನು ಆ ಪ್ರೋಗ್ರಾಂಗೆ 2018ರಲ್ಲಿ ಸೇರಿಸಿದರು.

ಕಾರ್ಡ್ ನಿಜಕ್ಕೂ ಕೆಟ್ಟಿದೆ ಎಂದು ನಾನು ಒಪ್ಪುವುದು ಎರಡು ಸಂದರ್ಭಗಳಲ್ಲಿ. ಒಂದು, ಬಯೋಸ್ ಪರದೆಯಲ್ಲೇ ಬಣ್ಣದ ಚೌಕಗಳು ಅಥವಾ ಗೆರೆಗಳು ಕಂಡು, ಕೇಬಲ್ ಮತ್ತು ಮಾನಿಟರ್ ಬದಲಾಯಿಸಿದರೂ ಹೋಗದಿದ್ದರೆ. ಅಲ್ಲಿ ವಿಂಡೋಸೂ ಇಲ್ಲ, ಡ್ರೈವರೂ ಇಲ್ಲ. ಎರಡು, ಒಳ್ಳೆಯ ಎಸ್‌ಎಂಪಿಎಸ್ ಇರುವ ಇನ್ನೊಂದು ಹೊಸ ಸಿಸ್ಟಮ್‌ನಲ್ಲಿ ಹಾಕಿದಾಗಲೂ ಅದೇ ತೊಂದರೆ ಬಂದರೆ. ಗುರುತಿನವರ ಗೇಮಿಂಗ್ ಸಿಸ್ಟಮ್ ಅರ್ಧ ತಾಸು ಕೇಳಿ ಪಡೆಯಿರಿ, ಕಾರ್ಡ್ ಹಾಕಿ, ಎರಡೂ ಪರದೆಯ ಫೋಟೋ ತೆಗೆದಿಟ್ಟುಕೊಂಡು ಆಮೇಲೆ ಮಾರಿದವರಿಗೆ ಫೋನ್ ಮಾಡಿ. ಫೋಟೋ ಕೈಯಲ್ಲಿದ್ದರೆ ವಾರಂಟಿ ಮಾತುಕತೆ ಬೇಗ ಮುಗಿಯುತ್ತದೆ.